ಪುಕ್ಕಟೆ ಸಿಕ್ಕ ಪಿಡಿಎಫ್ ಎಲ್ಲಾ ‘ಮುಕ್ತ’ ಪುಸ್ತಕವಲ್ಲ: ಮೇಷ್ಟ್ರಿಗೆ ಯೂನಿವರ್ಸಿಟಿ ಲೈಬ್ರರಿ ಹೇಗೆ ನೆರವಾಗುತ್ತೆ?

ಸೆಮಿಸ್ಟರ್ ಶುರುವಾದರೆ ಸಾಕು, ಡಿಗ್ರಿ ಹುಡುಗರ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಪಿಡಿಎಫ್‌ಗಳ ಓಡಾಟ ಜೋರು. ಅಲ್ಲಿಂದ ಅವು ನೇರ ಜೆರಾಕ್ಸ್ ಅಂಗಡಿಗೆ ಬರುತ್ತವೆ. ಪುಸ್ತಕ ಪುಕ್ಕಟೆ, ಪ್ರಿಂಟಿನ ದುಡ್ಡಷ್ಟೇ ಖರ್ಚು ಅನ್ನೋ ಲೆಕ್ಕ. ಆದರೆ ಪುಕ್ಕಟೆ ಸಿಕ್ಕಿದ್ದೆಲ್ಲ ‘ಮುಕ್ತ’ ಅಲ್ಲ. ಈ ವ್ಯತ್ಯಾಸ ಗೊತ್ತಿದ್ದರೆ ಪುಸ್ತಕದ ಖರ್ಚನ್ನು ಕಾನೂನಿನ ದಾರಿಯಲ್ಲೇ ಇಳಿಸಬಹುದು. ಆ ಕೆಲಸದಲ್ಲಿ ಪಾಠ ಮಾಡುವವರಿಗೆ ಜೊತೆಯಾಗಬಲ್ಲದ್ದು ಯೂನಿವರ್ಸಿಟಿ ಲೈಬ್ರರಿ.

ಮುಕ್ತ ಪಠ್ಯ ಅಂದ್ರೇನು?

‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಹೆಸರು ಬಂದದ್ದು 2002ರ ಯುನೆಸ್ಕೊ ಸಭೆಯಲ್ಲಿ. ಚಿಕ್ಕದಾಗಿ ಒಇಆರ್ ಅಂತಾರೆ. ಓದಿ, ಕಾಪಿ ಮಾಡಿ, ಹಂಚಿ, ಬೇಕಿದ್ದರೆ ತಿದ್ದಿಕೊಳ್ಳಿ ಎಂದು ಹಕ್ಕುದಾರರೇ ಮೊದಲೇ ಬರಹದಲ್ಲಿ ಅನುಮತಿ ಕೊಟ್ಟಿರುವ ಪಠ್ಯ ಇದು. ಈ ಅನುಮತಿ ಹೆಚ್ಚಾಗಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ರೂಪದಲ್ಲಿರುತ್ತದೆ. ಅಮೆರಿಕದ ರೈಸ್ ಯೂನಿವರ್ಸಿಟಿಯ ಓಪನ್‌ಸ್ಟ್ಯಾಕ್ಸ್ 2012ರಿಂದ ಕಾಲೇಜು ಮಟ್ಟದ ಪಠ್ಯಪುಸ್ತಕಗಳನ್ನು ಹೀಗೇ ಹೊರತರುತ್ತಿದೆ.

ಲೈಬ್ರರಿ ಚಂದಾ ಕಟ್ಟಿ ತರಿಸುವ ಇ-ಪುಸ್ತಕಗಳ ಕಥೆ ಬೇರೆ. ಅವು ವಿದ್ಯಾರ್ಥಿಗೆ ಉಚಿತ ಅನ್ನಿಸಿದರೂ ಪಾಸ್‌ವರ್ಡ್ ಇರುವ ತನಕ ಮಾತ್ರ. ಕೋರ್ಸ್ ಮುಗಿದ ಮೇಲೆ ಬಾಗಿಲು ಬಂದ್.

ಲೈಬ್ರರಿ ಮಾಡೋದೇನು?

ಅಮೆರಿಕದ ಮ್ಯಾಸಚೂಸೆಟ್ಸ್ ಯೂನಿವರ್ಸಿಟಿಯ ಆ್ಯಮ್‌ಹರ್ಸ್ಟ್ ಕ್ಯಾಂಪಸ್‌ನಲ್ಲಿ 2011ರಲ್ಲೇ ಲೈಬ್ರರಿ ಇದಕ್ಕೆ ಕೈಹಾಕಿತು. ದುಬಾರಿ ಪಠ್ಯಪುಸ್ತಕ ಬಿಟ್ಟು ಉಚಿತ ಅಥವಾ ಮುಕ್ತ ಪಠ್ಯಕ್ಕೆ ಬರುವ ಪ್ರಾಧ್ಯಾಪಕರಿಗೆ ಸಣ್ಣ ಮೊತ್ತದ ಅನುದಾನ ಕೊಡುವ ಯೋಜನೆ ಅದು. ಇಂಥ ಲೈಬ್ರರಿಗಳ ಕೆಲಸ ಸಾಮಾನ್ಯವಾಗಿ ಹೀಗಿರುತ್ತದೆ:

• ಹುಡುಕಿಕೊಡುವುದು: ಸಿಲಬಸ್ ಕೊಟ್ಟರೆ ಯಾವ ಯೂನಿಟ್‌ಗೆ ಯಾವ ಮುಕ್ತ ಪಠ್ಯ ಹೊಂದುತ್ತದೆ ಎಂದು ಗ್ರಂಥಪಾಲಕರು ಪಟ್ಟಿ ಮಾಡುತ್ತಾರೆ.

• ಗುಣಮಟ್ಟ ನೋಡುವುದು: ಮಿನ್ನೆಸೋಟ ಯೂನಿವರ್ಸಿಟಿ 2012ರಲ್ಲಿ ಶುರುಮಾಡಿದ ಓಪನ್ ಟೆಕ್ಸ್ಟ್‌ಬುಕ್ ಲೈಬ್ರರಿಯಲ್ಲಿ ಪುಸ್ತಕದ ಪಕ್ಕದಲ್ಲೇ ಪ್ರಾಧ್ಯಾಪಕರ ವಿಮರ್ಶೆ ಸಿಗುತ್ತದೆ. ಪುಕ್ಕಟೆ ಅಂದ್ರೆ ಕಳಪೆ ಅನ್ನೋ ಅನುಮಾನಕ್ಕೆ ಅದೇ ಉತ್ತರ.

• ಲೈಸೆನ್ಸ್ ಬಿಡಿಸಿ ಹೇಳುವುದು: ಯಾವುದನ್ನು ತಿದ್ದಬಹುದು, ಯಾವುದನ್ನು ಹಾಗೇ ಬಳಸಬೇಕು ಎಂದು ತಿಳಿಸುವುದು.

• ಕಾಪಾಡುವುದು: ಮೇಷ್ಟ್ರು ಬರೆದ ನೋಟ್ಸ್ ಪೆನ್‌ಡ್ರೈವ್‌ನಲ್ಲಿ ಕಳೆದುಹೋಗದಂತೆ ಲೈಬ್ರರಿಯ ಡಿಜಿಟಲ್ ಭಂಡಾರಕ್ಕೆ ಸೇರಿಸಿ, ಬದಲಾಗದ ಲಿಂಕ್ ಕೊಡುವುದು.

ಇದರಲ್ಲಿ ತಿದ್ದುವ ಹಕ್ಕೇ ದೊಡ್ಡದು. ಅಮೆರಿಕದ ಎಕನಾಮಿಕ್ಸ್ ಪುಸ್ತಕದಲ್ಲಿ ಡಾಲರ್ ಉದಾಹರಣೆ ಇದ್ದರೆ, ಲೈಸೆನ್ಸ್ ಒಪ್ಪಿದಲ್ಲಿ ಅದನ್ನು ತೆಗೆದು ಎಪಿಎಂಸಿ ಯಾರ್ಡಿನ ಈರುಳ್ಳಿ ದರ ಹಾಕಬಹುದು, ಕನ್ನಡಕ್ಕೂ ತರಬಹುದು. ಮೂಲ ಲೇಖಕರ ಹೆಸರು ಹೇಳಿ, ಏನು ಬದಲಿಸಿದ್ದೇವೆ ಎಂದು ನಮೂದಿಸಿದರಾಯಿತು.

ಜೆರಾಕ್ಸ್ ಅಂಗಡಿಗೆ ಇದರಿಂದ ಏನು?

ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದ ಜೆರಾಕ್ಸ್ ಅಂಗಡಿ ಮತ್ತು ದೆಹಲಿ ಯೂನಿವರ್ಸಿಟಿ ಮೇಲೆ ಮೂರು ದೊಡ್ಡ ಪ್ರಕಾಶನ ಸಂಸ್ಥೆಗಳು 2012ರಲ್ಲಿ ಕೇಸು ಹಾಕಿದ್ದವು. ಪುಸ್ತಕಗಳ ಆಯ್ದ ಭಾಗಗಳನ್ನು ಸೇರಿಸಿ ‘ಕೋರ್ಸ್ ಪ್ಯಾಕ್’ ಮಾಡಿ ಕೊಡುತ್ತಿದ್ದಾರೆ ಎಂಬುದು ದೂರು. ಪಾಠಕ್ಕೆ ಬೇಕಾದಷ್ಟನ್ನು ಕಾಪಿ ಮಾಡಲು 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅವಕಾಶ ಇದೆ ಎಂಬ ನಿಲುವನ್ನು ಹೈಕೋರ್ಟ್ 2016ರಲ್ಲಿ ತಳೆಯಿತು. 2017ರಲ್ಲಿ ಪ್ರಕಾಶಕರು ಕೇಸು ವಾಪಸ್ ಪಡೆದರು.

ಹಾಗಂತ ಇಡೀ ಗೈಡನ್ನೇ ಪ್ರಿಂಟ್ ಹಾಕಿ, ಬೈಂಡ್ ಮಾಡಿ ಮಾರಲು ಅದು ಪರವಾನಗಿ ಅಲ್ಲ. ಕೇಸು ನಡೆದದ್ದು ಪಾಠಕ್ಕೆಂದು ಆರಿಸಿದ ಭಾಗಗಳ ಬಗ್ಗೆ. ಮುಕ್ತ ಪಠ್ಯದಲ್ಲಿ ಈ ತಕರಾರು ಕಡಿಮೆ, ಯಾಕಂದ್ರೆ ಅನುಮತಿ ಪುಸ್ತಕದಲ್ಲೇ ಅಚ್ಚಾಗಿರುತ್ತದೆ. ಪುಸ್ತಕದ ಮೊದಲ ಪುಟಗಳಲ್ಲಿ ಹೀಗೆ ನೋಡಿ:

• ‘ಸಿಸಿ ಬೈ’ ಅಂತಿದ್ದರೆ ಲೇಖಕರ ಹೆಸರು ಉಳಿಸಿ ಕಾಪಿ ಮಾಡಬಹುದು, ಪ್ರಿಂಟ್ ಮಾಡಿ ಮಾರಲೂಬಹುದು.

• ಜೊತೆಗೆ ‘ಎಸ್‌ಎ’ ಇದ್ದರೆ, ತಿದ್ದಿದ ಪುಸ್ತಕವನ್ನೂ ಅದೇ ಲೈಸೆನ್ಸ್‌ನಲ್ಲಿ ಹಂಚಬೇಕು.

• ‘ಎನ್‌ಸಿ’ ಇದ್ದರೆ ಲಾಭಕ್ಕಾಗಿ ಬಳಸುವಂತಿಲ್ಲ. ಸ್ಟಾಕ್ ಇಟ್ಟು ಮಾರುವ ಯೋಚನೆ ಬಿಡುವುದೇ ಒಳ್ಳೆಯದು.

• ‘ಎನ್‌ಡಿ’ ಇದ್ದರೆ ತಿದ್ದಿದ ರೂಪವನ್ನು ಹಂಚುವಂತಿಲ್ಲ.

• ಯಾವ ಗುರುತೂ ಇಲ್ಲ, ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿದೆ’ ಅಂತಿದ್ದರೆ ಅದು ಮುಕ್ತ ಪುಸ್ತಕವಲ್ಲ.

ಕನ್ನಡದಲ್ಲಿ ಏನಿದೆ?

ಹೈಸ್ಕೂಲ್ ಮಟ್ಟದಲ್ಲಿ ದಾರಿ ಆಗಲೇ ಬಿದ್ದಿದೆ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸೇರಿ ನಡೆಸಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಯೋಜನೆಯಲ್ಲಿ ಸರ್ಕಾರಿ ಶಾಲೆ ಶಿಕ್ಷಕರೇ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಸಾಮಗ್ರಿ ಸಿದ್ಧಪಡಿಸಿದ್ದಾರೆ.

ಡಿಗ್ರಿ ಮಟ್ಟದಲ್ಲೂ ಇದು ಆಗದ ಕೆಲಸವಲ್ಲ. ವರ್ಷಾನುಗಟ್ಟಲೆ ಕ್ಲಾಸಿನಲ್ಲಿ ಬರೆಸಿದ ನೋಟ್ಸ್ ಎಷ್ಟೋ ಮೇಷ್ಟ್ರ ಬೀರುವಿನಲ್ಲಿವೆ. ಅದು ಅವರದೇ ಬರಹವಾಗಿದ್ದು, ಹಕ್ಕನ್ನು ಪ್ರಕಾಶಕರಿಗೆ ಬರೆದುಕೊಟ್ಟಿಲ್ಲದಿದ್ದರೆ, ಮುಕ್ತ ಲೈಸೆನ್ಸ್ ಹಾಕಿ ಲೈಬ್ರರಿಗೆ ಒಪ್ಪಿಸಬಹುದು. ಆಮೇಲೆ ಪಕ್ಕದ ತಾಲ್ಲೂಕಿನ ಹುಡುಗಿಯೂ ಅದನ್ನು ಓದಬಹುದು, ಅವಳೂರಿನ ಜೆರಾಕ್ಸ್ ಅಂಗಡಿಯವರೂ ಹೆದರಿಕೆ ಇಲ್ಲದೆ ಪ್ರಿಂಟ್ ತೆಗೆದು ಕೊಡಬಹುದು.