ರಕ್ತ ತರುವ ಗಾಯದ ಸುದ್ದಿ

ಮಕ್ಕಳೇ, ಬಿದ್ದು ಮೊಣಕಾಲು ತರಚಿದರೆ ಸುತ್ತಲೂ ಕೆಂಪಾಗಿ ಊದಿಕೊಳ್ಳುತ್ತದಲ್ಲವೇ? ಅದೇ ಉರಿಯೂತ. ನನಗೆ ಹೃದಯಾಘಾತವಾದಾಗ ಹೃದಯದ ಸ್ನಾಯುವಿಗೂ ಗಾಯವಾಗಿತ್ತು. ಆದರೆ ಅದು ಕಣ್ಣಿಗೆ ಕಾಣುವಂಥದ್ದಲ್ಲ. ಅದರ ಸುದ್ದಿ ತಂದದ್ದು ರಕ್ತ.

ಒಳಗೆ ಗಾಯವಾದರೆ ಯಕೃತ್ತು ‘ಸಿಆರ್‌ಪಿ’ ಎಂಬ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುತ್ತದೆ. 1930ರಲ್ಲಿ ನ್ಯೂಯಾರ್ಕಿನ ಟಿಲೆಟ್ ಮತ್ತು ಫ್ರಾನ್ಸಿಸ್ ಇದನ್ನು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಗುರುತಿಸಿದರು. ಹೃದಯಾಘಾತವಾದ ಎರಡು-ಮೂರು ದಿನಗಳಲ್ಲಿ ಇದು ಗರಿಷ್ಠಕ್ಕೇರುತ್ತದೆ. ತೀರಾ ಹೆಚ್ಚಾದವರಲ್ಲಿ ಮುಂದೆ ಹೃದಯ ದುರ್ಬಲವಾಗುವ ಅಪಾಯ ಹೆಚ್ಚು.

ಆದರೆ ಸೋಂಕು ತಗುಲಿದರೂ ಸಿಆರ್‌ಪಿ ಏರುತ್ತದೆ. ಅದಕ್ಕೇ ವೈದ್ಯರು ಇಸಿಜಿ, ಎಕೋ ವರದಿಗಳನ್ನೂ ಜೊತೆಗಿಟ್ಟುಕೊಂಡು ನೋಡುತ್ತಾರೆ.

ನನ್ನ ಓರಗೆಯ ಹಿರಿಯರೇ, ಆ ಅಂಕಿ ಹಣೆಬರಹವಲ್ಲ, ಎಚ್ಚರಿಕೆಯ ಗಂಟೆ. ಹೆಚ್ಚಿದೆಯೆಂದು ಎದೆಗುಂದಬೇಡಿ; ಇಳಿಯಿತೆಂದು ಮಾತ್ರೆ ಬಿಡಬೇಡಿ.