ಮನೆ ಮಾರಾಟಕ್ಕಿದೆ, ನೆರೆಯವರು ಒಪ್ಪಿದರೆ

ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಜಾಕ್ಸನ್ ಹೈಟ್ಸ್ ನಮ್ಮವರಿಗೆ ತೀರಾ ಅಪರಿಚಿತವೇನಲ್ಲ. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋದ ಅಪ್ಪ ಅಮ್ಮಂದಿರು ತೊಗರಿಬೇಳೆ, ಕರಿಬೇವು ಹುಡುಕಿಕೊಂಡು ಅಲ್ಲಿನ 74ನೇ ಬೀದಿಗೆ ಹೋಗಿ ಬಂದಿರುತ್ತಾರೆ. ಆ ಗದ್ದಲ ದಾಟಿ ಒಂದೆರಡು ಬೀದಿ ಒಳಗೆ ನಡೆದರೆ ಬೇರೆಯೇ ಊರು. ಇಟ್ಟಿಗೆಯ ಹಳೆಯ ಕಟ್ಟಡಗಳು, ನಡುವೆ ರಸ್ತೆಗೆ ಕಾಣದ ಉದ್ದನೆಯ ತೋಟಗಳು. ಇಂಥ ಕಟ್ಟಡವೊಂದರಲ್ಲಿ ಸ್ಟುಡಿಯೊ ಮನೆ ಮಾರಾಟಕ್ಕೆ ಬಂದಿದೆ ಎಂದುಕೊಳ್ಳಿ.

ಸ್ಟುಡಿಯೊ ಎಂದರೆ ಒಂದೇ ಕೋಣೆ. ಮಲಗುವುದು, ಕೂರುವುದು, ಉಣ್ಣುವುದು ಎಲ್ಲ ಅಲ್ಲೇ. ಗೋಡೆಯ ಮೂಲೆಯಲ್ಲಿ ಒಲೆ, ಸಿಂಕು, ಫ್ರಿಜ್ಜು. ಬಚ್ಚಲು ಮಾತ್ರ ಬೇರೆ. ಒಟ್ಟು ನಾನೂರು ಚದರಡಿ ಇದ್ದರೆ ಹೆಚ್ಚು, ಬೆಂಗಳೂರಿನ ಟ್ವೆಂಟಿ ಥರ್ಟಿ ಸೈಟಿಗಿಂತಲೂ ಚಿಕ್ಕದು. ಆದರೂ ಬೆಲೆ ನೋಡಿದರೆ ಮನೆ ಕೊಂಡವರ ಹೆಸರಿಗೇ ಬರುವ ಪಕ್ಕದ ಕಾಂಡೋಮಿನಿಯಂಗಿಂತ ಕಡಿಮೆ. ಅಗ್ಗವೆಂದು ಹಿಗ್ಗುವ ಮೊದಲು ಜಾಹೀರಾತಿನಲ್ಲಿರುವ ‘ಕೋ-ಆಪ್’ ಎಂಬ ಮಾತನ್ನು ಗಮನಿಸಬೇಕು. ಇಲ್ಲಿ ಮಾರಾಟಕ್ಕಿರುವುದು ಮನೆಯೇ ಅಲ್ಲ.

ಇಡೀ ಕಟ್ಟಡ ಒಂದು ಕಂಪನಿಯ ಸ್ವತ್ತು. ಕೊಳ್ಳುವವರಿಗೆ ಸಿಗುವುದು ಅದರ ಒಂದಿಷ್ಟು ಷೇರು, ಜೊತೆಗೆ ಆ ಕೋಣೆಯಲ್ಲಿ ವಾಸಿಸುವ ಹಕ್ಕು ಕೊಡುವ ಗುತ್ತಿಗೆ ಪತ್ರ. ಬ್ಯಾಂಕು ಸಾಲ ಕೊಡುವುದೂ ಷೇರುಗಳ ಮೇಲೆಯೇ. ತಿಂಗಳ ಮೇಂಟೆನನ್ಸ್ ಎಂದರೆ ನಮ್ಮ ಅಪಾರ್ಟ್‌ಮೆಂಟುಗಳ ನೀರು, ಲಿಫ್ಟು, ವಾಚ್‌ಮನ್ ಲೆಕ್ಕವಷ್ಟೇ ಅಲ್ಲ. ಆಸ್ತಿ ತೆರಿಗೆ, ಚಳಿಗಾಲದ ಹೀಟಿಂಗು, ಸಿಬ್ಬಂದಿಯ ಸಂಬಳ ಅದರಲ್ಲೇ ಬರುತ್ತವೆ. ಕಂಪನಿ ಕಟ್ಟಡವನ್ನು ಅಡವಿಟ್ಟು ಸಾಲ ಎತ್ತಿದ್ದರೆ ಅದರ ಕಂತೂ ಸೇರುತ್ತದೆ. ಕೋಣೆಯ ಬೆಲೆ ಕಡಿಮೆಯೆಂದು ನುಗ್ಗಿದವರು ಕಟ್ಟಡದ ಸಾಲಕ್ಕೆ ಹೆಗಲು ಕೊಟ್ಟಿರುತ್ತಾರೆ. ಕಿಟಕಿ ಯಾವ ದಿಕ್ಕಿಗಿದೆ ಎಂದು ನೋಡುವುದಕ್ಕಿಂತ ಕಂಪನಿಯ ಆಯವ್ಯಯ ಪಟ್ಟಿ ನೋಡುವುದು ಜಾಣತನ.

ಹಣ ಹೊಂದಿಸಿದ ಮೇಲೆ ನಿಜವಾದ ಪರೀಕ್ಷೆ. ನಿವಾಸಿಗಳೇ ಆರಿಸಿದ ಬೋರ್ಡು ಒಪ್ಪಬೇಕು. ತೆರಿಗೆ ವಿವರ, ಬ್ಯಾಂಕ್ ಖಾತೆಯ ಪಟ್ಟಿ, ಕೆಲಸ ಕೊಟ್ಟವರ ಪತ್ರ, ನಾಲ್ಕು ಜನ ಬಲ್ಲವರ ಶಿಫಾರಸು, ಎಲ್ಲ ಒಂದು ಕಟ್ಟು ಮಾಡಿ ಒಪ್ಪಿಸಬೇಕು. ಮನೆ ಕೊಂಡ ಮೇಲೂ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂದು ನೋಡುತ್ತಾರೆ. ಆಮೇಲೆ ಸಂದರ್ಶನ. ಬೇಡವೆಂದರೆ ಬೇಡ, ಕಾರಣ ಹೇಳುವ ಪದ್ಧತಿಯಿಲ್ಲ. 1979ರಲ್ಲಿ ಮಾಜಿ ಅಧ್ಯಕ್ಷ ನಿಕ್ಸನ್ ಅವರನ್ನೂ 1985ರಲ್ಲಿ ಗಾಯಕಿ ಮಡೋನಾ ಅವರನ್ನೂ ಮ್ಯಾನ್‌ಹ್ಯಾಟನ್ನಿನ ಕೋ-ಆಪ್‌ಗಳು ಒಲ್ಲೆವೆಂದಿದ್ದವು. ಅವರಿಗೆ ಹಣದ ಕೊರತೆಯಿತ್ತೇ? ಬಾಗಿಲ ಮುಂದೆ ಪತ್ರಕರ್ತರ ಹಿಂಡು ನೆರೆಯವರಿಗೆ ಬೇಡವಾಗಿತ್ತು ಎನ್ನುತ್ತಾರೆ.

ಈ ಬಿಗಿಯಿಂದ ಲಾಭವೂ ಆಗಿದೆ. 2008ರಲ್ಲಿ ಗೃಹಸಾಲದ ಗುಳ್ಳೆ ಒಡೆದಾಗ ನ್ಯೂಯಾರ್ಕಿನ ಕೋ-ಆಪ್‌ಗಳು ಬಹುಮಟ್ಟಿಗೆ ಬಚಾವಾದವು. ಆದರೆ ಕಾರಣ ಹೇಳಬೇಕಿಲ್ಲದ ಅಧಿಕಾರದಲ್ಲಿ ಏನೇನು ಬಚ್ಚಿಟ್ಟುಕೊಳ್ಳಬಹುದು ಎಂಬುದಕ್ಕೆ ಜಾಕ್ಸನ್ ಹೈಟ್ಸ್‌ನ ಹುಟ್ಟೇ ಸಾಕ್ಷಿ. 1909ರಲ್ಲಿ ಕ್ವೀನ್ಸ್‌ಬರೊ ಸೇತುವೆ ತೆರೆದ ಹೊತ್ತಿಗೆ ಎಡ್ವರ್ಡ್ ಮ್ಯಾಕ್‌ಡೂಗಲ್ ಎಂಬವರ ಕ್ವೀನ್ಸ್‌ಬರೊ ಕಾರ್ಪೊರೇಷನ್ ಅಲ್ಲಿನ ಹೊಲಗಳನ್ನು ಕೊಂಡು ನಡುವೆ ತೋಟವಿರುವ ಕಟ್ಟಡಗಳನ್ನು ಎಬ್ಬಿಸಿ, ಮನೆಗಳನ್ನು ಕೋ-ಆಪ್ ಆಗಿ ಮಾರಿತು. 1922ರ ಆಗಸ್ಟ್ 28ರಂದು ಡಬ್ಲ್ಯುಇಎಎಫ್ ರೇಡಿಯೊದಲ್ಲಿ ಹತ್ತು ನಿಮಿಷ ಮಾತಾಡಿಸಿ ಜಾಹೀರಾತನ್ನೂ ಕೊಟ್ಟಿತು. ಹಣ ಪಡೆದು ಪ್ರಸಾರವಾದ ಮೊದಲ ರೇಡಿಯೊ ಜಾಹೀರಾತೆಂದು ಚರಿತ್ರೆ ಅದನ್ನು ಗುರುತಿಸುತ್ತದೆ. ಆದರೆ ಆ ತೋಟಗಳಲ್ಲಿ ಯಹೂದಿಗಳಿಗೂ ಕಪ್ಪು ಜನರಿಗೂ ಜಾಗವಿರಲಿಲ್ಲ. 1965ರ ವಲಸೆ ಕಾನೂನಿನ ನಂತರ ಬಂದ ಭಾರತೀಯರು ಅಂಗಡಿ ಇಟ್ಟು ನೆಲೆಯೂರಿದ್ದು ಇದೇ ಬಡಾವಣೆಯಲ್ಲಿ. 1968ರಲ್ಲಿ ಬಂದ ಇನ್ನೊಂದು ಕಾನೂನು ಜನಾಂಗ, ಧರ್ಮ ನೋಡಿ ಮನೆ ನಿರಾಕರಿಸುವುದನ್ನು ನಿಷೇಧಿಸಿತು. ಬೋರ್ಡು ಬಾಯಿಯನ್ನೇ ಬಿಡದಿದ್ದರೆ ಅದನ್ನು ಸಾಬೀತು ಮಾಡುವುದು ಹೇಗೆ ಎಂಬ ಜಗಳ ಇನ್ನೂ ಹರಿದಿಲ್ಲ.

ಕೋ-ಆಪ್‌ಗೆ ಇನ್ನೊಂದು ಕುಲವೂ ಇದೆ, ಬಡವರದು. ಬ್ರೂಕ್ಲಿನ್ನಿನ ಸನ್‌ಸೆಟ್ ಪಾರ್ಕ್‌ನಲ್ಲಿ ಫಿನ್‌ಲೆಂಡಿನಿಂದ ಬಂದ ಕಾರ್ಮಿಕರು 1916ರಲ್ಲಿ ಹಣ ಕೂಡಿಸಿ ತಮ್ಮದೇ ಕಟ್ಟಡ ಕಟ್ಟಿಕೊಂಡರು. 1970ರ ದಶಕದಲ್ಲಿ ತೆರಿಗೆ ಕಟ್ಟದೆ ಮಾಲೀಕರು ಬಿಟ್ಟುಹೋದ ಕಟ್ಟಡಗಳು ನಗರದ ಕೈಸೇರಿದವು. ಮುಂದೆ ಅಂಥ ಹಲವನ್ನು ಕೋ-ಆಪ್ ಮಾಡಿ ಬಾಡಿಗೆದಾರರಿಗೇ, ಮನೆಯೊಂದಕ್ಕೆ 250 ಡಾಲರಿನಂತೆ ಬಿಟ್ಟುಕೊಡಲಾಯಿತು.

ಫಿನ್‌ಲೆಂಡಿನವರಿಗಿಂತ ಒಂದು ವರ್ಷ ಮೊದಲೇ, 1915ರಲ್ಲಿ, ಮುಂಬೈಯ ಗಾಮ್‌ದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಹುಟ್ಟಿತ್ತು. ಕಟ್ಟಿದವರು ಕೆನರಾ ಜಿಲ್ಲೆಗಳಿಂದ ಉದ್ಯೋಗ ಅರಸಿ ಹೋದ ಚಿತ್ರಾಪುರ ಸಾರಸ್ವತರು. ತಮ್ಮವರಿಗೊಂದು ಸೂರು ಎಂಬ ಕಳಕಳಿಯೇ ಬೇರೆಯವರಿಗೆ ಬೇಲಿಯೂ ಆಗುತ್ತದೆ. ಅಹಮದಾಬಾದಿನ ಪಾರ್ಸಿ ಸಂಘ ತನ್ನವರಿಗೆ ಮಾತ್ರ ಮನೆ ಎಂದದ್ದನ್ನು 2005ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಈ ವಿಷಯದಲ್ಲಿ ನ್ಯೂಯಾರ್ಕಿನತ್ತ ಬೆರಳು ತೋರಿಸುವ ಸ್ಥಿತಿಯಲ್ಲಿ ನಾವಿಲ್ಲ.

ಮಾರುವವರ ಪಾಡನ್ನು ಯಾರೂ ಕೇಳುವುದಿಲ್ಲ. ಸ್ಟುಡಿಯೊ ಒಂಟಿ ಜೀವಕ್ಕೆ ಸರಿ. ಮದುವೆಯಾಗಿ ಮಗು ಬಂದರೆ ಜಾಗ ಸಾಲದು. ಬಾಡಿಗೆಗೆ ಕೊಟ್ಟು ಹೋಗೋಣವೆಂದರೆ ಎಷ್ಟೋ ಕೋ-ಆಪ್‌ಗಳು ಬಿಡುವುದಿಲ್ಲ, ಬಿಟ್ಟರೂ ಒಂದೆರಡು ವರ್ಷ. ಮಾರಿದರೆ ಕೆಲವು ಕಡೆ ಕಂಪನಿಗೂ ಪಾಲು ಕೊಡಬೇಕು. ಅವಸರಕ್ಕೆ ಬೆಲೆ ಇಳಿಸಿ ಗಿರಾಕಿ ಹುಡುಕಿಕೊಂಡರೆ ಬೋರ್ಡು ಅದಕ್ಕೂ ಅಡ್ಡ ಬರಬಹುದು, ಒಂದು ಕೋಣೆ ಅಗ್ಗಕ್ಕೆ ಹೋದರೆ ಎಲ್ಲರ ಷೇರಿನ ಬೆಲೆಯೂ ಕುಸಿಯುತ್ತದಲ್ಲ! ಕೊಡುವವರು ಒಪ್ಪಿ, ಕೊಳ್ಳುವವರು ಒಪ್ಪಿ, ಬ್ಯಾಂಕೂ ಒಪ್ಪಿದ ವ್ಯವಹಾರ ಹಾಗೆ ಮುರಿದುಬಿದ್ದರೆ ಜಾಹೀರಾತು ಮತ್ತೆ ಮೊದಲಿನಿಂದ. ಅಲ್ಲಿಯವರೆಗೆ ಖಾಲಿ ಕೋಣೆಯ ಮೇಂಟೆನನ್ಸನ್ನು ಮಾರುವವರೇ ಕಟ್ಟುತ್ತಿರಬೇಕು.