ಡ್ಯೂಕನ ಮನೆ ಮತ್ತು ನಮ್ಮ ಹನ್ನೆರಡು ಅಂಕಣ

ಶಿಗ್ಲಿಯಲ್ಲಿದ್ದ ನಮ್ಮ ಹಿರಿಯರ ಮನೆಯ ಕಂಬಗಳನ್ನು ಮಾರುವ ಕಾಗದಕ್ಕೆ ಹೋದ ವರ್ಷ ನಾನು ಸಹಿ ಹಾಕಿದೆ. ನಾಲ್ವರು ಪಾಲುದಾರರಲ್ಲಿ ಕೊನೆಯ ಸಹಿ ನನ್ನದು. ಹನ್ನೆರಡು ಅಂಕಣದ ಮನೆಯ ಸಾಗವಾನಿ ಕಂಬ, ಬೋದಿಗೆ, ತೊಲೆಗಳೆಲ್ಲ ಒಂದೇ ದಿನದಲ್ಲಿ ಲಾರಿ ಏರಿದವು. ಅವು ಈಗ ಯಾವ ರೆಸಾರ್ಟಿನ ಊಟದ ಕೋಣೆಯನ್ನು ಅಲಂಕರಿಸಿವೆಯೋ ತಿಳಿಯದು.

ಅದಾದ ಮೂರು ತಿಂಗಳಿಗೆ, ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿರುವ ಮಗಳು ಒಂದು ಭಾನುವಾರ ಹತ್ತಿರದ ಹ್ಯಾಂಪ್‌ಶೈರ್‌ನ ಹಳ್ಳಿಮನೆಯೊಂದನ್ನು ತೋರಿಸಲು ಕರೆದೊಯ್ದಳು. ಹೆಸರು ಸ್ಟ್ರಾಟ್‌ಫೀಲ್ಡ್ ಸೇ. ಹಳ್ಳಿಮನೆ ಎಂದರೆ ನಮ್ಮ ಕಲ್ಪನೆಯದಲ್ಲ. ಲಾಡನ್ ನದಿ ಹರಿಯುವ ವಿಶಾಲ ಹುಲ್ಲುಗಾವಲಿನ ನಡುವೆ 1630ರ ಸುಮಾರಿಗೆ ಸರ್ ವಿಲಿಯಂ ಪಿಟ್ ಕಟ್ಟಿಸಿದ ಉದ್ದನೆಯ ಇಟ್ಟಿಗೆಯ ಭವನ. ವಾಟರ್ಲೂ ಕದನ ಗೆದ್ದ ವೆಲಿಂಗ್ಟನ್ ಡ್ಯೂಕನಿಗಾಗಿ 1817ರಲ್ಲಿ ಬ್ರಿಟಿಷ್ ಸಂಸತ್ತು ಕೊಟ್ಟ ಹಣದಲ್ಲಿ ಇದನ್ನು ಕೊಳ್ಳಲಾಯಿತು. ಇದನ್ನು ಕೆಡವಿ ‘ವಾಟರ್ಲೂ ಅರಮನೆ’ ಎಬ್ಬಿಸಬೇಕೆಂದು ಬೆಂಜಮಿನ್ ಡೀನ್ ವಯಟ್ ಎಂಬ ವಾಸ್ತುಶಿಲ್ಪಿ ನಕ್ಷೆಗಳನ್ನೂ ಬರೆದಿದ್ದ. ಖರ್ಚಿಗೆ ಹೆದರಿದ ಡ್ಯೂಕ ಹಳೆಯ ಮನೆಯಲ್ಲೇ ಉಳಿದು ಬಿಸಿನೀರಿನ ಕೊಳವೆಗಳಿಂದ ಕೋಣೆ ಬೆಚ್ಚಗಾಗಿಸುವ ವ್ಯವಸ್ಥೆ ಮಾಡಿಸಿದ, ನೀಲಿ-ಬಿಳಿ ಪಿಂಗಾಣಿಯ ಶೌಚಾಲಯಗಳನ್ನು ಹಾಕಿಸಿದ. ಅವನ ಕುದುರೆ ಕೋಪನ್‌ಹೇಗನ್‌ಗೂ ಆ ತೋಟದಲ್ಲೊಂದು ಸಮಾಧಿಯಿದೆ.

ಈ ವೈಭವವನ್ನೆಲ್ಲ ನೋಡುತ್ತಿದ್ದ ನನ್ನ ಮನಸ್ಸು ಲಕ್ಷ್ಮೇಶ್ವರದ ದಾರಿ ಹಿಡಿದಿತ್ತು. ಕಾರಣವಿದೆ. 1800ರ ಜುಲೈನಲ್ಲಿ ಇದೇ ಮನುಷ್ಯ, ಆಗಿನ್ನೂ ಮೂವತ್ತೊಂದರ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ನಮ್ಮ ಎರೆಹೊಲಗಳ ಮೇಲೆ ಸೈನ್ಯ ನಡೆಸಿಕೊಂಡು ಬಂದಿದ್ದ. ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ಹೊರಬಿದ್ದ ಧೋಂಡಿಯಾ ವಾಘ್‌ನನ್ನು ಬೆನ್ನಟ್ಟಿ ಸವಣೂರು, ಕುಂದಗೋಳ, ಲಕ್ಷ್ಮೇಶ್ವರ, ಶಿರಹಟ್ಟಿ, ಡಂಬಳ ಎಂದು ಕೋಟೆಯಿಂದ ಕೋಟೆಗೆ ಸಾಗಿದ. ಆ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಧೋಂಡಿಯಾ ಹತನಾದ. ಶತ್ರುವಿನ ಸಾಮಾನು ಸರಂಜಾಮಿನ ನಡುವೆ ಸಿಕ್ಕ ಅವನ ಎಳೆಯ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿಯೇ ತನ್ನ ಆಶ್ರಯಕ್ಕೆ ತೆಗೆದುಕೊಂಡು, ದೇಶ ಬಿಡುವಾಗ ಅವನ ಪಾಲನೆಗೆ ಹಣ ಇಟ್ಟುಹೋದದ್ದೂ ದಾಖಲಾಗಿದೆ. ಲಕ್ಷ್ಮೇಶ್ವರದಿಂದ ನಮ್ಮೂರು ಎಷ್ಟು ದೂರ? ಎತ್ತಿನ ಗಾಡಿಯ ಒಂದು ಹೊತ್ತಿನ ಹಾದಿ.

ಅಂಥ ಕಾಲದ ಭಯವೇ ನಮ್ಮ ಸೀಮೆಯ ವಾಡೆಗಳನ್ನು ರೂಪಿಸಿತು. ಇಂಗ್ಲಿಷ್ ಮನೆ ಸಾಲು ಕಿಟಕಿಗಳನ್ನು ತೆರೆದು ತನ್ನ ಜಮೀನನ್ನು ನೋಡುತ್ತ ನಿಲ್ಲುತ್ತದೆ. ನಮ್ಮ ವಾಡೆ ಊರಿಗೆ ಬೆನ್ನು ಮಾಡಿ ಒಳಮುಖವಾಗಿ ಕೂತಿರುತ್ತದೆ. ಹೊರಗೆ ಹುಡೆ, ಆನೆ ಗುದ್ದಿದರೂ ಅಲುಗದಂಥ ಅಗಸಿ, ಆ ದೊಡ್ಡ ಕದದಲ್ಲಿ ತಲೆ ಬಾಗಿಸಿ ನುಗ್ಗಬೇಕಾದ ದಿಡ್ಡಿ. ಒಳಗೆ ಮೊಳಗಟ್ಟಲೆ ದಪ್ಪದ ಮಣ್ಣಿನ ಗೋಡೆ, ಬೇಸಗೆಯ ಬಿಸಿಲನ್ನು ಹೀರಿ ತಂಪು ಉಳಿಸುವ ಮಣ್ಣಿನ ಮಾಳಿಗೆ, ನಡುಮನೆಗೆ ಬೆಳಕು ಸುರಿಯುವ ಒಂದು ಬೆಳಕಿಂಡಿ. ನಮ್ಮದು ವಾಡೆಯಲ್ಲ, ಒಕ್ಕಲುತನದ ಮನೆ. ಆದರೂ ಅದೇ ವಿನ್ಯಾಸದ ಬಡ ತಮ್ಮ. ಹೊಸ್ತಿಲು ದಾಟಿದರೆ ಮೊದಲು ಸಿಗುತ್ತಿದ್ದುದು ಎತ್ತುಗಳು. ದನ ಕಟ್ಟುವ ದಂದಕ್ಕಿಗಿಂತ ಪಡಸಾಲೆ ಎರಡು ಮೆಟ್ಟಿಲು ಎತ್ತರ, ಅಷ್ಟೆ. ಅಂಗಳದ ಕೆಳಗೆ ಜೋಳ ತುಂಬುವ ಹಗೇವು. ಬರಗಾಲದಲ್ಲಿ ಇದೇ ನಮ್ಮ ಬ್ಯಾಂಕು ಎನ್ನುತ್ತಿದ್ದ ಅಜ್ಜಿಗೆ ಬ್ಯಾಂಕಿನ ಮೆಟ್ಟಿಲು ಹತ್ತಿ ಗೊತ್ತಿರಲಿಲ್ಲ.

ಡ್ಯೂಕನ ಮನೆ ಉಳಿಯಿತು, ನಮ್ಮದು ಏಕೆ ಉಳಿಯಲಿಲ್ಲ? ಅವರ ಬಳಿ ಹಣವಿತ್ತು ಎಂಬುದು ಅರ್ಧ ಉತ್ತರ ಮಾತ್ರ. ಹಣವಿದ್ದ ಇಂಗ್ಲಿಷ್ ಮನೆಗಳೂ ಉರುಳಿವೆ. 1894ರಲ್ಲಿ ಬಂದ ಮರಣ ತೆರಿಗೆ ಏರುತ್ತ ಹೋದಂತೆ ಇಪ್ಪತ್ತನೆಯ ಶತಮಾನದಲ್ಲಿ ನೂರಾರು ಭವನಗಳನ್ನು ಅವುಗಳ ಒಡೆಯರೇ ಕೆಡವಿಸಿದರು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ 1974ರಲ್ಲಿ ಆ ವಿನಾಶವನ್ನೇ ಒಂದು ಪ್ರದರ್ಶನವಾಗಿಸಿ ಜನರ ಕಣ್ಣು ತೆರೆಸಿತು. ಅದೇ 1974ರಲ್ಲಿ ನಮ್ಮಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ಜಾರಿಗೆ ಬಂತು. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯ. ಅದಕ್ಕಾಗಿ ಕಣ್ಣೀರು ಹಾಕುವ ದೇಸಗತಿಯ ಹಳಹಳಿಕೆ ನನಗೆ ಬೇಡ. ಆದರೆ ಮನೆಯನ್ನು ಕೆಡವಿದ್ದು ಆ ಕಾಯಿದೆಯಲ್ಲ.

ಕೆಡವಿದ್ದು ಪಾಲು. ಇಂಗ್ಲಿಷ್ ಶ್ರೀಮಂತರಲ್ಲಿ ಹಿರಿಮಗನಿಗೆ ಎಲ್ಲವೂ, ಉಳಿದವರಿಗೆ ಸೈನ್ಯವೋ ಇಗರ್ಜಿಯೋ. ವೆಲ್ಲೆಸ್ಲಿ ಸಹ ಕಿರಿಯ ಮಗನಾದ್ದರಿಂದಲೇ ಕತ್ತಿ ಹಿಡಿದು ನಮ್ಮ ಕಡೆ ಬಂದವನು! ನಮ್ಮಲ್ಲಿ ಹುಟ್ಟಿದ ಮಗನಿಗೆಲ್ಲ ಹಕ್ಕು. ಅದನ್ನು ವಿವರಿಸಿದ ‘ಮಿತಾಕ್ಷರ’ವನ್ನು ವಿಜ್ಞಾನೇಶ್ವರ ಬರೆದದ್ದು ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಕನ್ನಡದ ನೆಲದಲ್ಲೇ. 2005ರ ತಿದ್ದುಪಡಿ ಹೆಣ್ಣುಮಕ್ಕಳನ್ನೂ ಸೇರಿಸಿತು, ಸೇರಿಸಬೇಕಾದದ್ದೇ. ಆದರೆ ಹನ್ನೆರಡು ಅಂಕಣವನ್ನು ನಾಲ್ಕು ಮಾಡಿದರೆ ತಲಾ ಮೂರು ಬರುತ್ತದೆಯೇ ಹೊರತು ನಾಲ್ಕು ಮನೆ ಬರುವುದಿಲ್ಲ. ಪಡಸಾಲೆಯ ನಡುವೆ ಗೋಡೆ ಎದ್ದಿತು. ಬೆಳಕಿಂಡಿ ಒಬ್ಬರ ಪಾಲಿಗೆ, ಅದರ ಕೆಳಗಿನ ಒಲೆ ಇನ್ನೊಬ್ಬರ ಪಾಲಿಗೆ. ಮಾಳಿಗೆಗೆ ಮಣ್ಣು ಹಾಕುವ ಸರದಿ ಯಾರದೆಂಬ ಜಗಳದಲ್ಲಿ ಎರಡು ಮಳೆಗಾಲ ಸೋರಿ, ಮೂರನೆಯದರಲ್ಲಿ ಜಂತಿ ಮುರಿಯಿತು. ಹಿರಿಯ ಹಕ್ಕಿನ ಪದ್ಧತಿಯನ್ನು ನಾನು ಬಯಸುತ್ತಿಲ್ಲ. ಒಂದು ಕಟ್ಟಡವನ್ನು ಒಡೆಯದೆ ಅದರ ಒಡೆತನವನ್ನು ಹಂಚಿಕೊಳ್ಳುವ ದಾರಿಯನ್ನು ನಾವು ನಾಲ್ವರು ಒಂದು ಸಂಜೆಯೂ ಕೂತು ಹುಡುಕಲಿಲ್ಲ ಎಂಬುದಷ್ಟೇ ನನ್ನ ನೋವು.

ಮೊನ್ನೆ ಊರಿನಿಂದ ಕಾಕಾ ಫೋನ್ ಮಾಡಿದ್ದರು. “ಬಾಗಿಲ ಚೌಕಟ್ಟು ಒಂದ ಉಳದೈತಿ ತಮ್ಮಾ, ಅದಕ್ಕೂ ರೇಟ್ ಕೇಳಾಕತ್ಯಾರ, ಏನ್ ಹೇಳ್ಲಿ?” ಎಂದರು. ಈ ತಿಂಗಳ ಕೊನೆಗೆ ಬರುತ್ತೇನೆ, ಅಲ್ಲಿಯವರೆಗೆ ಯಾರಿಗೂ ಕೊಡಬೇಡಿ ಎಂದಿದ್ದೇನೆ. ಬಂದು ಅದನ್ನು ಎಲ್ಲಿ ನಿಲ್ಲಿಸುತ್ತೇನೆಂಬುದು ಮಾತ್ರ ಇನ್ನೂ ಹೊಳೆದಿಲ್ಲ. ಬೆಂಗಳೂರಿನ ನಮ್ಮ ಫ್ಲ್ಯಾಟಿನ ಬಾಗಿಲಿಗಿಂತ ಅದು ಎರಡು ಅಡಿ ಅಗಲ.